ಎತ್ತು ಏರಿಗೆ, ಕೋನ ನೀರಿಗೆ

ಭೋಪಾಲದ ಐಶ್‌ಬಾಗ್ ರೈಲ್ವೆ ಮೇಲ್ಸೇತುವೆಯ ಫೋಟೊ ನೋಡಿ ಕಳೆದ ವರ್ಷ, ಅಂದರೆ 2025ರಲ್ಲಿ, ‘90 ಡಿಗ್ರಿ ಸೇತುವೆ’ ಅಂತ ದೇಶವೇ ನಕ್ಕಿತು. ಸುಮಾರು 18 ಕೋಟಿ ರೂಪಾಯಿ, 648 ಮೀಟರ್ ಉದ್ದ. ನೆಟ್ಟಗೆ ಮೇಲೇರಿ, ತಟ್ಟನೆ ಮಗ್ಗುಲಿಗೆ ಹೊರಳುತ್ತದೆ. ನಿಧಾನಕ್ಕೆ ಸೈಕಲ್ ತುಳಿಯುವವನೂ ಅಲ್ಲಿ ಮನೆದೇವರನ್ನು ನೆನೆಯಬೇಕು.

ನಗೋದು ಸುಲಭ. ಇಂಥ ಸೇತುವೆಗಳಲ್ಲಿ ಹಳಿಯ ಮೇಲಿನ ತುಂಡು ರೈಲ್ವೆಯದು, ಆಚೀಚೆಯ ಏರುದಾರಿ ಲೋಕೋಪಯೋಗಿ ಇಲಾಖೆಯದು. ಹತ್ತಿರದಲ್ಲೇ ಮೆಟ್ರೊ ನಿಲ್ದಾಣ, ಜಾಗವಿಲ್ಲ. ಬೇಕಾದರೆ ದಾರ ಹಿಡಿದು ನೋಡಿ, ಅವರವರ ಪಾಲು ನೆಟ್ಟಗೇ ಇದೆ. ಸೊಟ್ಟಗಿರುವುದು ಕೂಡುವ ಜಾಗ ಮಾತ್ರ. ಅದು ಯಾರ ಟೇಬಲ್ಲಿನದು ಅಂತ ನೀವೇ ಹೇಳಿ.

ಸಮನ್ವಯ ಸಭೆ ಮಾಡಬಾರದಿತ್ತಾ ಅಂತೀರಾ? ಸಭೆ ಅಂದರೆ ಹೇಗಿರುತ್ತೆ ಗೊತ್ತಲ್ಲ.

‘ನಿಮ್ಮ ಎನ್‌ಒಸಿ ಬರಲಿ ಸಾರ್, ನಾವು ರೆಡಿ.’

‘ನಿಮ್ಮ ಡ್ರಾಯಿಂಗ್ ಬರಲಿ ಸಾರ್, ನಾವೂ ರೆಡಿ.’

ಇಬ್ಬರೂ ರೆಡಿ. ಅಷ್ಟರಲ್ಲಿ ವಡೆ ಬರುತ್ತದೆ. ‘ವಿಷಯವನ್ನು ಗಮನಕ್ಕೆ ತರಲಾಯಿತು’ ಅಂತ ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕುತ್ತಾರೆ. ರಸ್ತೆ ಅಗಲವಾದ ಮೇಲೂ ನಮ್ಮೂರುಗಳ ಕರೆಂಟ್ ಕಂಬ ನಡುರಸ್ತೆಯಲ್ಲಿ ಸುಮ್ನೆ ನಿಂತಿರುತ್ತಲ್ಲ, ಅದು ಇಂಥ ಸಹಿಗಳ ಫಲ.

ಬಿಹಾರದ ಜೆಹಾನಾಬಾದಿನವರು ಇನ್ನೂ ಜಾಣರು. ಪಟ್ನಾ–ಗಯಾ ರಸ್ತೆಗೆ 100 ಕೋಟಿ ರೂಪಾಯಿಯ ಅಗಲೀಕರಣ. ದಾರಿಯಲ್ಲಿ ಮರಗಳು. ಕಡಿಯಲು ಅನುಮತಿ ಕೇಳಿದರೆ ಅರಣ್ಯ ಇಲಾಖೆ ಬದಲಿಗೆ 14 ಹೆಕ್ಟೇರ್ ಜಾಗಕ್ಕೆ ಪರಿಹಾರದ ಲೆಕ್ಕ ಮುಂದಿಟ್ಟಿತು. ಸರಿ, ಮರಗಳನ್ನು ಅಲ್ಲಲ್ಲೇ ಬಿಟ್ಟು ಸುತ್ತ ಡಾಂಬರು ಹಾಕಿದರು. ಮರ ಉಳಿಯಿತು, ರಸ್ತೆಯೂ ಆಯಿತು, ಎರಡೂ ಕಡೆಯವರು ಗೆದ್ದರು! ಕತ್ತಲಲ್ಲಿ ಬೈಕ್ ಮೇಲೆ ಬರುವವನ ಗತಿ? ಅವನು ಯಾವ ಇಲಾಖೆಯೂ ಅಲ್ಲವಲ್ಲ, ಸಭೆಗೆ ಯಾರು ಕರೆಯುತ್ತಾರೆ.

ಭೋಪಾಲದಲ್ಲಿ ಮುಖ್ಯಮಂತ್ರಿ ಏಳು ಎಂಜಿನಿಯರ್‌ಗಳನ್ನು ಅಮಾನತು ಮಾಡಿದರು. ಗುತ್ತಿಗೆದಾರರು ಹೈಕೋರ್ಟಿಗೆ ಹೋದರು. ಆಗ ಒಬ್ಬ ಪ್ರೊಫೆಸರ್ ಅಳೆದು ವರದಿ ಕೊಟ್ಟರು: ತಿರುವು 90 ಡಿಗ್ರಿ ಅಲ್ಲ, ಸುಮಾರು 119. ಸೇತುವೆ ಕಟ್ಟಿ ಮುಗಿದ ಮೇಲಾದರೂ ಒಬ್ಬರು ಅಳತೆ ಹಿಡಿದರು ಅನ್ನೋದೇ ಸಮಾಧಾನ. ಹೆಚ್ಚಿಗೆ ಸಿಕ್ಕ ಆ 29 ಡಿಗ್ರಿ ರೈಲ್ವೆಗೆ ಸೇರಬೇಕೋ ಪಿಡಬ್ಲ್ಯುಡಿಗೋ, ಇನ್ನೊಂದು ಸಮನ್ವಯ ಸಭೆ ಕರೆಯಬಹುದು.