ಸ್ಲಂಗಳ ಪಕ್ಕದಲ್ಲಿ ಉಚಿತ ಕಂಪ್ಯೂಟರ್ ಕೇಂದ್ರ ಬೇಕೇ?

ಪರ

ಪಿಯುಸಿ ಮುಗಿಸಿದ ಹುಡುಗಿ ಸಿಇಟಿಗೆ ಅರ್ಜಿ ಹಾಕಬೇಕು. ಎಲ್ಲಾ ಆನ್‌ಲೈನ್. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿದೆ. ಉಳಿದದ್ದು ಸೈಬರ್ ಸೆಂಟರ್. ಅಲ್ಲಿ ಅರ್ಜಿ ತುಂಬುವುದು ಬೇರೆಯವರು, ಪಾಸ್‌ವರ್ಡ್ ಇಟ್ಟುಕೊಳ್ಳುವುದೂ ಅವರೇ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವಾಗ, ಒಂದು ಕಾಲೇಜು ಹಿಂದೆ ಮುಂದೆ ಆದರೂ ಸೀಟು ಬೇರೆ ಕಡೆ ಬರಬಹುದು. ಹಿಂದೆ ಕಾಯುತ್ತಿರುವವರ ಗಡಿಬಿಡಿಯಲ್ಲಿ ಮಾಡುವ ಕೆಲಸವೇ ಇದು? ಅವಳೇ ಕೂತು, ಎರಡು ಸಲ ನೋಡಿ ಮಾಡುವಂತಿರಬೇಕು, ಅಲ್ವಾ?

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ 100 ಮನೆಗಳ ಪೈಕಿ ಕಂಪ್ಯೂಟರ್ ಇದ್ದದ್ದು ಸುಮಾರು 23ರಲ್ಲಿ. ಇದು ಎಲ್ಲಾ ಬಡಾವಣೆಗಳನ್ನೂ ಸೇರಿಸಿದ ಲೆಕ್ಕ. ತಗಡಿನ ಮನೆಗಳದ್ದೇ ಲೆಕ್ಕ ತೆಗೆದರೆ ಎಷ್ಟು ಸಿಕ್ಕೀತು?

ಬೆಂಗಳೂರಿನ ಸುದರ್ಶನ್ ಲೇಔಟ್ ಸ್ಲಂನಲ್ಲಿ ಸಾಫ್ಟ್‌ವೇರ್ ಕೆಲಸದ ಯುವಕರು ಮತ್ತು ಅಲ್ಲಿನ ಜನ ಸೇರಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಕಟ್ಟಿದರು. ಹಳೆಯ ಕಂಪ್ಯೂಟರ್, ಅದನ್ನು ನಡೆಸಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ. ಲೈಸೆನ್ಸಿಗೆ ಒಂದು ರೂಪಾಯಿ ಬೇಡ. ಮಕ್ಕಳು ಜಿಂಪ್ ಎಂಬ ಚಿತ್ರದ ತಂತ್ರಾಂಶದಲ್ಲಿ ಚಿತ್ರ ಬಿಡಿಸುವುದನ್ನು ಕಲಿತರು. ನನಗೆ ಇದು ತುಂಬಾ ದೊಡ್ಡ ವಿಷಯ. ಅರ್ಜಿ ತುಂಬುವುದಕ್ಕೆ ಮಾತ್ರವಲ್ಲ, ಸುಮ್ನೆ ಖುಷಿಗೆ ಕಂಪ್ಯೂಟರ್ ಮುಂದೆ ಕೂರುವ ಹಕ್ಕು ಬಡವರ ಮಕ್ಕಳಿಗೂ ಇದೆ.

ದುಡ್ಡು ಎಲ್ಲಿಂದ? 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಅಲ್ಲಿಂದ. ಹಳ್ಳಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಕಂಪ್ಯೂಟರ್ ಪಡೆದಿವೆ. ನಗರದ ಸ್ಲಂ ಪಕ್ಕದ ಶಾಖೆಗೆ ಯಾಕೆ ಬೇಡ?

ವಿರೋಧ

1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸಂಶೋಧಕ ಸುಗತ ಮಿತ್ರ ಅವರು ಸ್ಲಂ ಕಡೆಗಿದ್ದ ಗೋಡೆ ಕೊರೆದು ಕಂಪ್ಯೂಟರ್ ಇಟ್ಟರು. ಮಕ್ಕಳು ತಾವಾಗಿಯೇ ಮೌಸ್ ಆಡಿಸಲು ಕಲಿತರು. ಜಗತ್ತೇ ಬೆರಗಾಯಿತು. ಮುಂದೆ ದೆಹಲಿಯ ಇನ್ನೊಂದು ಸ್ಲಂನಲ್ಲೂ ಇಂಥ ಕಿಂಡಿಗಳು ಬಂದವು. ಅದನ್ನು ನೋಡಲು ಹೋದ ಸಂಶೋಧಕ ಮಾರ್ಕ್ ವಾರ್ಶಾವರ್ ಕಂಡದ್ದು ಬೇರೆ. ಇಂಟರ್ನೆಟ್ ಇದ್ದದ್ದು ಅಪರೂಪ. ಹಿಂದಿಯಲ್ಲಿ ಕಲಿಯುವಂಥದ್ದು ಇರಲಿಲ್ಲ. ಮಕ್ಕಳು ಜಾಸ್ತಿ ಹೊತ್ತು ಆಟ ಆಡುತ್ತಿದ್ದರು, ಚಿತ್ರ ಗೀಚುತ್ತಿದ್ದರು. ಪಕ್ಕದಲ್ಲಿ ಹೇಳಿಕೊಡುವವರೇ ಇರಲಿಲ್ಲ.

ಯಂತ್ರ ಕೊಳ್ಳುವುದು ಸುಲಭ. ಉದ್ಘಾಟನೆಯ ಫೋಟೊ ಬರುತ್ತದೆ. ಯುಪಿಎಸ್ ಬ್ಯಾಟರಿ ಸತ್ತ ದಿನ ಯಾರೂ ಬರುವುದಿಲ್ಲ. ಬಡಾವಣೆಯ ದೊಡ್ಡ ಹುಡುಗರು ಕುರ್ಚಿ ಹಿಡಿದರೆ ಹೆಣ್ಣುಮಕ್ಕಳು ಬಾಗಿಲಿನಿಂದಲೇ ವಾಪಸ್.

ನನ್ನ ಮುಖ್ಯ ತಕರಾರು ಇನ್ನೊಂದಿದೆ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಬೆಂಗಳೂರು ಒನ್ ಸೇವಾ ಕೇಂದ್ರಗಳ ಮುಂದೆ ಹೆಂಗಸರ ಸಾಲು ನಿಂತಿತ್ತಲ್ಲ, ಅವರಲ್ಲಿ ಎಷ್ಟೋ ಜನರಿಗೆ ಕೊರತೆ ಇದ್ದದ್ದು ಕೀಬೋರ್ಡಿನದ್ದಲ್ಲ. ಒಬ್ಬರಿಗೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇನ್ನೊಬ್ಬರಿಗೆ ಓಟಿಪಿ ಹೋಗುವುದು ಎಂದೋ ಬಿಟ್ಟ ಸಿಮ್‌ಗೆ. ಉಚಿತ ಕಂಪ್ಯೂಟರ್ ಇಟ್ಟು 'ನೀವೇ ಮಾಡಿಕೊಳ್ಳಿ' ಅಂದರೆ ಕಚೇರಿಯ ಕೆಲಸ ಬಡವರ ತಲೆಗೆ ಬಂತು, ಅಷ್ಟೇ. ತಪ್ಪಾದರೆ ಹೊಣೆಯೂ ಅವರದ್ದೇ.

ಅದೇ ದುಡ್ಡಿನಲ್ಲಿ ಒಬ್ಬ ಆಪರೇಟರ್ ಲ್ಯಾಪ್‌ಟಾಪ್, ಬೆರಳಚ್ಚಿನ ಮೆಷಿನ್ ಹಿಡಿದು ವಾರಕ್ಕೆ ಎರಡು ಸಂಜೆ ಸ್ಲಂಗೆ ಬರಲಿ. ಹೆಸರು ತಿದ್ದುವ ಅಧಿಕಾರ ಇರುವವರೂ ಜೊತೆಗಿರಲಿ. ಮನೆಗೆಲಸ, ಗಾರೆ ಕೆಲಸ ಮುಗಿಸಿ ಬಂದವರಿಗೆ ಸಿಗುವಂತೆ, ರಾತ್ರಿ ಎಂಟರವರೆಗೆ.