ಗ್ಯಾಸ್ ಮಾತ್ರೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ

ಧಾರವಾಡ ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿ ಹನ್ನೊಂದು ವರ್ಷಗಳಾದವು. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಎದೆಗೂಡಿನ ಕೆಳಗೆ ಕೊರೆಯುವಂಥ ನೋವು ಶುರುವಾದಾಗ, ಊರಲ್ಲಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ಜೀರಿಗೆ ಕುದಿಸಿದ ನೀರು, ಒಂದು ಚಿಟಿಕೆ ಓಮ, ಅದಕ್ಕೂ ಬಗ್ಗದಿದ್ದರೆ ಊರಿಂದ ತಂದಿಟ್ಟುಕೊಂಡ ಪ್ಯಾಂಟೊಪ್ರಜೋಲ್, ಅಂದರೆ ಜಠರದ ಆಮ್ಲ ತಗ್ಗಿಸುವ ‘ಗ್ಯಾಸ್ ಮಾತ್ರೆ’. ವಿಷಯ ತಿಳಿದ ನೆರೆಮನೆಯ ಹಿರಿಯ ಮಹಿಳೆ ತಮ್ಮ ತಾಯಿಯಿಂದ ಕಲಿತ ಮನೆಮದ್ದೊಂದನ್ನು ಹೇಳಿಕೊಟ್ಟರು. ಇಲ್ಲಿಯವರು ಅದನ್ನು ರೋಲ್‌ಕೂರ್, ಅಂದರೆ ಹೊರಳುವ ಚಿಕಿತ್ಸೆ, ಎನ್ನುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕ್ಯಾಮೊಮೈಲ್ ಹೂವಿನ ಕಷಾಯ ಕುಡಿದು, ಅಂಗಾತ, ಎಡಮಗ್ಗುಲಿಗೆ, ಬೋರಲಾಗಿ, ಬಲಮಗ್ಗುಲಿಗೆ ಐದೈದು ನಿಮಿಷ ಮಲಗಬೇಕು. ಕಷಾಯ ಜಠರದ ಒಳಗೋಡೆಗೆಲ್ಲ ತಾಗಲಿ ಎಂಬುದು ಅದರ ಹಿಂದಿನ ಎಣಿಕೆ.

ಇನ್ನೊಂದು ಮದ್ದು ನನ್ನನ್ನು ಇನ್ನಷ್ಟು ಹತ್ತಿರಕ್ಕೆ ಸೆಳೆಯಿತು. ನಾವು ಖಾರ ಬೆರೆಸಿ ಚಟ್ನಿಪುಡಿ ಮಾಡಿ ರೊಟ್ಟಿಯೊಂದಿಗೆ ತಿನ್ನುವ ಅಗಸಿಯನ್ನೇ ಇವರು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಟ್ಟುಕೊಂಡ ಲೋಳೆಯನ್ನು ಬೆಚ್ಚಗೆ ಮಾಡಿ ಕುಡಿಯುತ್ತಾರೆ. ಓಟ್ಸನ್ನು ತೆಳ್ಳಗೆ ಬೇಯಿಸಿದ ಗಂಜಿಯೂ ಇಲ್ಲಿ ಹೊಟ್ಟೆನೋವಿನ ಆಹಾರವೇ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಉಣ್ಣಿಸುತ್ತಿದ್ದ ಅವ್ವನಿಗೂ ಓಟ್ಸ್ ಗಂಜಿ ಕೊಡುವ ಈ ಅಜ್ಜಿಗೂ ತಿಳಿವಳಿಕೆ ಒಂದೇ: ಉರಿಯುವ ಹೊಟ್ಟೆಗೆ ಮೆತ್ತಗಿನದನ್ನು, ಸ್ವಲ್ಪ ಸ್ವಲ್ಪವಾಗಿ, ಖಾರವಿಲ್ಲದೆ ಕೊಡಬೇಕು. ಇವು ರೋಗವನ್ನು ಗುಣಪಡಿಸುತ್ತವೆ ಎನ್ನಲಾರೆ, ಆದರೆ ನೋವಿರುವ ದಿನಗಳನ್ನು ದಾಟಿಸುತ್ತವೆ. ನಮ್ಮಲ್ಲಿ ರೂಢಿಯಲ್ಲಿರುವ ತಣ್ಣನೆಯ ಹಾಲಿನ ಬಗ್ಗೆ ಮಾತ್ರ ನನಗೆ ಆಕ್ಷೇಪವಿದೆ. ಕುಡಿದ ಕೂಡಲೇ ಹಾಯೆನಿಸಿದರೂ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಬಳಿಕ ಆಮ್ಲದ ಸ್ರಾವವನ್ನು ಹೆಚ್ಚಿಸುತ್ತವೆ.

ಎರಡು ನಾಡುಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಅಡುಗೆಮನೆಯಲ್ಲಲ್ಲ, ವೈದ್ಯರ ಕೋಣೆಯಲ್ಲಿ. ಅವರು ಮೊದಲು ಕೇಳಿದ್ದು ನಾನು ಏನು ತಿಂದೆ ಎಂದಲ್ಲ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೇನೆ ಎಂದು. ಬೆನ್ನುನೋವಿಗೆ ಮೂರು ವಾರಗಳಿಂದ ದಿನಕ್ಕೆರಡು ಐಬುಪ್ರೊಫೆನ್ ತೆಗೆದುಕೊಳ್ಳುತ್ತಿದ್ದುದು ನನಗೆ ಹೇಳುವಂಥ ವಿಷಯವೆಂದೇ ಅನಿಸಿರಲಿಲ್ಲ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್‌ನಂಥ ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ದೇಹದಲ್ಲಿ ತಯಾರಾಗುವುದನ್ನೇ ತಡೆಯುತ್ತವೆ. ಆ ಕಾವಲು ಹೋದ ಮೇಲೆ ಜಠರದ ಆಮ್ಲವೇ ಜಠರವನ್ನು ಸುಡುತ್ತದೆ.

ವೈದ್ಯರ ಎರಡನೆಯ ಪ್ರಶ್ನೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕುರಿತು. ಜಠರದ ಉರಿಯೂತಕ್ಕೂ ಹುಣ್ಣಿಗೂ ಇದು ಕಾರಣವೆಂದು ತೋರಿಸಿಕೊಟ್ಟ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಭಾರತದಲ್ಲಿ ಇದು ಬಹಳ ವ್ಯಾಪಕವಾಗಿದೆ, ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಪತ್ತೆಯಾಗುತ್ತದೆ, ಆ್ಯಂಟಿಬಯೋಟಿಕ್‌ಗಳ ಕಟ್ಟುನಿಟ್ಟಾದ ಚಿಕಿತ್ಸೆಯಿಂದ ಹೋಗುತ್ತದೆ. ಹೀಗಿದ್ದೂ ನಮ್ಮ ಬಂಧುಬಳಗದಲ್ಲಿ ವರ್ಷಾನುಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ನರಳುವವರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡವರನ್ನು ನಾನು ಕಂಡಿಲ್ಲ. ಇನ್ನೂ ಸಂಕಟದ ಸಂಗತಿಯೆಂದರೆ, ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸದಿದ್ದರೆ ಬ್ಯಾಕ್ಟೀರಿಯಾ ಇದ್ದೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು. ನಾವು ದಿನವೂ ನುಂಗುವ ಗ್ಯಾಸ್ ಮಾತ್ರೆ ರೋಗದ ಕಾರಣವನ್ನೇ ಮುಚ್ಚಿಡುತ್ತದೆ.

ಜರ್ಮನಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವುದು ಇದೇ ಬಗೆಯ ಒಮೆಪ್ರಜೋಲ್ ಮಾತ್ರೆಯ 20 ಮಿಲಿಗ್ರಾಂನ ಸಣ್ಣ ಪೊಟ್ಟಣ, ಹದಿನಾಲ್ಕು ದಿನಕ್ಕೆ ಮಾತ್ರ. ನೋವು ಉಳಿದರೆ ವೈದ್ಯರಲ್ಲಿಗೆ ಹೋಗಬೇಕೆಂದು ಪೊಟ್ಟಣದೊಳಗಿನ ಹಾಳೆಯಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಅಂಗಡಿಯವನು ಹತ್ತು ಮಾತ್ರೆಯ ಪಟ್ಟಿಗಳನ್ನು ಕೇಳಿದಷ್ಟು ಕೊಡುತ್ತಾನೆ. ಈ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡರೆ ಬಿ12 ಜೀವಸತ್ವದ ಹೀರಿಕೆ ಕುಗ್ಗಬಹುದು, ಮೊದಲೇ ಬಿ12 ಕಡಿಮೆಯಿರುವ ಸಸ್ಯಾಹಾರಿ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಜರ್ಮನಿಯನ್ನು ಹೊತ್ತು ಮೆರೆಸುತ್ತಿಲ್ಲ. ನನ್ನ ಹೊಟ್ಟೆ ಕೆಡಿಸಿದ ಐಬುಪ್ರೊಫೆನ್ ಇಲ್ಲಿಯೂ ಚೀಟಿಯಿಲ್ಲದೆ ಸಿಗುತ್ತದೆ, ತಜ್ಞರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಊರಲ್ಲಾದರೆ ಎಂಡೋಸ್ಕೋಪಿ ಎರಡು ದಿನದಲ್ಲಿ ಮುಗಿಯುತ್ತದೆ.

ನಮ್ಮ ‘ಗ್ಯಾಸ್ಟ್ರಿಕ್’ ಎಂಬ ಮಾತೇ ನನ್ನನ್ನು ಹೆಚ್ಚು ಹೆದರಿಸುತ್ತದೆ. ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ಜಠರದ ಉರಿಯೂತ, ಕೊನೆಗೆ ಹೃದಯಾಘಾತದ ನೋವು ಕೂಡ ಅದೊಂದೇ ಮಾತಿನಲ್ಲಿ ಅಡಗಿಬಿಡುತ್ತದೆ. ಬೆವರು, ಉಸಿರುಕಟ್ಟುವಿಕೆ, ತೋಳಿಗೋ ದವಡೆಗೋ ಹಬ್ಬುವ ನೋವು ಇದ್ದರೆ ಸೋಡಾ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದಿನ ಕಾಲ ಮುಗಿದಿದೆ ಎಂದೇ ತಿಳಿಯಬೇಕು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವನ ಮಾತ್ರೆಗಳ ಡಬ್ಬಿ ತೆರೆದು ನೋಡಿದೆ. ಮೊಣಕಾಲು ನೋವಿಗೆ ಆರು ವರ್ಷಗಳಿಂದ ಡೈಕ್ಲೊಫಿನ್ಯಾಕ್, ಅದರ ಉರಿಗೆ ಅಷ್ಟೇ ವರ್ಷಗಳಿಂದ ಗ್ಯಾಸ್ ಮಾತ್ರೆ. ಡಬ್ಬಿಯನ್ನು ಹಾಗೆಯೇ ವೈದ್ಯರ ಮೇಜಿನ ಮೇಲಿಟ್ಟೆವು. ಅವರು ನೋವಿನ ಮಾತ್ರೆ ನಿಲ್ಲಿಸಿ ಮೊಣಕಾಲಿಗೆ ಹಚ್ಚುವ ಮುಲಾಮು ಬರೆದುಕೊಟ್ಟರು, ಗ್ಯಾಸ್ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು, ಅದು ಪೂರ್ತಿ ನಿಂತ ಎರಡು ವಾರಗಳ ಬಳಿಕ ಉಸಿರಿನ ಪರೀಕ್ಷೆಗೆ ಬರಹೇಳಿದರು. ಆ ಎರಡು ವಾರ ಉರಿ ಮರಳಿ ಬಂದ ರಾತ್ರಿಗಳಲ್ಲಿ ಅವ್ವನಿಗೆ ಮಜ್ಜಿಗೆ ಕಲಸಿದ ನುಚ್ಚು ಉಣ್ಣಿಸಿದವನು ನಾನು.