ಅಮೆರಿಕದ ಗಣಿ ಜಮೀನಿನ ಮೆಸೇಜ್ ಸರಿಯಿಲ್ಲ

"ಅಮೆರಿಕದಲ್ಲಿ ನಾಲ್ಕು ಗೂಟ ಹೊಡೆದರೆ ಸಾಕು, ಎಕರೆಗೆ 5 ಡಾಲರ್‌ಗೆ ಸರ್ಕಾರಿ ಜಮೀನು ನಿಮ್ಮದು. ಸುಳ್ಳು ಹೇಳಿ ಪೇಟೆಂಟ್ ಮಾಡಿಸಿಕೊಂಡರೂ 6 ವರ್ಷ ಕಳೆದರೆ ಯಾರೂ ಕೇಳೋ ಹಾಗಿಲ್ಲ." ಈ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ (ಪೇಟೆಂಟ್ ಅಂದರೆ ಇಲ್ಲಿ ಸರ್ಕಾರ ಕೊಡುವ ಜಮೀನಿನ ಹಕ್ಕುಪತ್ರ). ತಪ್ಪು.

ಆ ಬೆಲೆ 1872ರ ಗಣಿ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಹೊಸ ಪೇಟೆಂಟ್ ಅರ್ಜಿಗಳಿಗೆ ಅಲ್ಲಿನ ಸಂಸತ್ತು 1994ರಲ್ಲೇ ತಡೆ ಹಾಕಿದೆ.

ಗೂಟ ಹೊಡೆದರೆ ಸಾಕು ಅನ್ನೋದಂತೂ ಸುಮ್ನೆ ಮಾತು. ರಾಲ್ಫ್ ಕ್ಯಾಮರಾನ್ ಅನ್ನೋರು ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ, ಕಣಿವೆಗೆ ಇಳಿಯುವ ಕಾಲುದಾರಿ ಶುರುವಾಗುವ ಕಡೆಯೇ ಗಣಿ ಹೆಸರಲ್ಲಿ ಜಾಗ ಹಿಡಿದು ಪ್ರವಾಸಿಗರಿಂದ ದುಡ್ಡು ಮಾಡುತ್ತಿದ್ದರು (ಐಡಿಯಾ ಏನೋ ಜೋರಾಗೇ ಇತ್ತು). ಅಲ್ಲಿ ಬೆಲೆಬಾಳುವ ಖನಿಜ ಸಿಕ್ಕಿಲ್ಲ, ಹಾಗಾಗಿ ಹಕ್ಕೂ ಇಲ್ಲ ಅಂತ 1920ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು 6 ವರ್ಷದ ಮಾತು. ಪೇಟೆಂಟ್ ರದ್ದು ಮಾಡಿಸಲು ಸರ್ಕಾರ 6 ವರ್ಷದೊಳಗೆ ಕೇಸು ಹಾಕಬೇಕು ಅಂತ 1891ರ ಕಾನೂನು ಹೇಳುತ್ತದೆ, ಸರಿ. ಆದರೆ ಮೋಸವನ್ನು ಮುಚ್ಚಿಟ್ಟಿದ್ದರೆ ಅದು ಬಯಲಾದ ದಿನದಿಂದ ಲೆಕ್ಕ ಅಂತ ಕೊಲರಾಡೊದ ಕಲ್ಲಿದ್ದಲು ಜಮೀನಿನ ಕೇಸಿನಲ್ಲಿ 1918ರಲ್ಲೇ ತೀರ್ಪಾಗಿದೆ. ವಿಷಯ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ರಕ್ಷಣೆ ಇದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.